ಕ್ಷಿಪಣಿ ಎಣಿಸಿದ್ದು ಸಾಕು, ಹೆಲಿಕಾಪ್ಟರ್ ಎಣಿಸಿ

ಮಾನ್ಯರೇ,

ಹೊಸ ಯುದ್ಧನೌಕೆ ಸೇವೆಗೆ ಸೇರಿದಾಗ ಪತ್ರಿಕೆಗಳಲ್ಲಿ ಏನು ಬರುತ್ತದೆಂದು ಓದುವ ಮೊದಲೇ ಹೇಳಬಲ್ಲೆ. 2025ರ ಜನವರಿಯಲ್ಲಿ ಐಎನ್‌ಎಸ್ ನೀಲಗಿರಿ ಬಂದಾಗಲೂ, ಆಗಸ್ಟ್‌ನಲ್ಲಿ ಉದಯಗಿರಿ, ಹಿಮಗಿರಿ ಒಟ್ಟಿಗೆ ಬಂದಾಗಲೂ ಅದೇ ಲೆಕ್ಕ: ಬ್ರಹ್ಮೋಸ್ ಕ್ಷಿಪಣಿ 8, ಬರಾಕ್ ಕ್ಷಿಪಣಿ 32. ಲೆಕ್ಕವೇನೋ ಸರಿ. ಆದರೆ ಇಂಥ ಫ್ರಿಗೇಟ್‌ನ, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆಯ, ದಿನನಿತ್ಯದ ಕೆಲಸ ಕ್ಷಿಪಣಿ ಹಾರಿಸುವುದಲ್ಲ. ವಿಮಾನವಾಹಕ ನೌಕೆಗೆ, ತೈಲ ಹಡಗುಗಳಿಗೆ ಕಾವಲಾಗಿ ಸಾಗುತ್ತ, ನೀರಿನಡಿ ಯಾರಿದ್ದಾರೆ ಎಂದು ಆಲಿಸುವುದು.

ನಾನು ನೌಕಾಪಡೆಯಲ್ಲಿ ಆ ಆಲಿಸುವ ಕೆಲಸವನ್ನೇ ಮಾಡಿದವನು, ಶಬ್ದದಿಂದ ನೀರಿನಡಿಯದನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಕೊಠಡಿಯವನು. ಸಮುದ್ರದ ಮೇಲ್ಪದರದ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ಎರಡೂ ಕೂಡುವಲ್ಲಿ ಶಬ್ದ ಬಾಗಿಬಿಡುತ್ತದೆ. ಅದರ ಕೆಳಗೆ ಅಡಗಿದ ಜಲಾಂತರ್ಗಾಮಿ, ಹಡಗಿನ ತಳದ ಸೋನಾರ್‌ಗೆ ಎಷ್ಟೋ ಸಲ ಸಿಗುವುದೇ ಇಲ್ಲ. ಹೆಲಿಕಾಪ್ಟರ್ ಇದ್ದರೆ ಮಾತೇ ಬೇರೆ. ನೀರಿನ ಮೇಲೆ ಒಂದೆಡೆ ನಿಂತು, ಕೇಬಲ್ ಕಟ್ಟಿದ ಸೋನಾರನ್ನು ಆ ಪದರದ ಕೆಳಕ್ಕೇ ಇಳಿಸುತ್ತದೆ. ಸಿಕ್ಕಿದರೆ ಟಾರ್ಪಿಡೊವನ್ನೂ ತಾನೇ ಹಾಕುತ್ತದೆ. ತಿರುಗಿ ಅದರತ್ತ ಟಾರ್ಪಿಡೊ ಬಿಡಲು ಜಲಾಂತರ್ಗಾಮಿಗೆ ಸಾಧ್ಯವಿಲ್ಲ.

1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪದ ಸಮುದ್ರದಲ್ಲಿ ನಮ್ಮ ಫ್ರಿಗೇಟ್ ಖುಕ್ರಿಯನ್ನು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಖುಕ್ರಿ ಅಲ್ಲಿಗೆ ಹೋಗಿದ್ದೇ ಜಲಾಂತರ್ಗಾಮಿಯನ್ನು ಹುಡುಕಲು. ಹೆಲಿಕಾಪ್ಟರ್ ಹಾಗಿರಲಿ, ಅದು ಇಳಿಯುವ ಡೆಕ್ಕೂ ಆ ಹಡಗಿಗೆ ಇರಲಿಲ್ಲ.

ಈಗಿನ ನೀಲಗಿರಿಗೆ ಡೆಕ್ಕೂ ಇದೆ, ಹ್ಯಾಂಗರೂ ಇದೆ. ಅದರೊಳಗೆ ನಿಲ್ಲಿಸುವುದೇನನ್ನು? ಈಗ ಉಳಿದಿರುವ ಹಳೆಯ ಹೆಲಿಕಾಪ್ಟರ್‌ಗಳಾದ ಸೀ ಕಿಂಗ್‌ಗಳು, ಕಾಮೊವ್‌ಗಳು ಬಹುತೇಕ 1980ರ ದಶಕದಲ್ಲಿ ಬಂದವು. ಅಮೆರಿಕದ ಎಂಎಚ್-60ಆರ್ ಸೀಹಾಕ್‌ಗಳಿಗೆ 2020ರಲ್ಲಿ ಒಪ್ಪಂದವಾಯಿತು, ಮೊದಲ ಸ್ಕ್ವಾಡ್ರನ್ ಕೊಚ್ಚಿಯಲ್ಲಿ 2024ರ ಮಾರ್ಚ್‌ನಲ್ಲಿ ಆರಂಭವಾಯಿತು. ಒಟ್ಟು 24. ವಿಮಾನವಾಹಕ ನೌಕೆಗಳೇ ಎರಡು. ಫ್ರಿಗೇಟ್‌ಗಿಂತ ದೊಡ್ಡ ಯುದ್ಧನೌಕೆಗಳಾದ ಡಿಸ್ಟ್ರಾಯರ್, ಜೊತೆಗೆ ಫ್ರಿಗೇಟ್ ಸೇರಿದರೆ ಇಪ್ಪತ್ತೈದು ದಾಟುತ್ತದೆ. ದುರಸ್ತಿಗೆ ನಿಂತವನ್ನು, ತರಬೇತಿಗೆ ಬೇಕಾದವನ್ನು ಕಳೆದು ನೋಡಿ. ಶಾಲಾ ಮಕ್ಕಳೂ ಮಾಡಬಹುದಾದ ಲೆಕ್ಕ ಇದು, ವರದಿಗಾರರೇಕೆ ಮಾಡುವುದಿಲ್ಲವೋ!

ಮುಂದಿನ ಹಡಗಿನ ಸಮಾರಂಭಕ್ಕೆ ಹೋಗುವ ನಿಮ್ಮ ಪ್ರತಿನಿಧಿ ರಕ್ಷಣಾ ಸಚಿವರನ್ನು ಒಂದೇ ಪ್ರಶ್ನೆ ಕೇಳಲಿ: ಈ ಹಡಗಿನ ಪಾಲಿನ ಹೆಲಿಕಾಪ್ಟರ್ ಎಂದು ಬರುತ್ತದೆ? ಸಿಕ್ಕಿದ ಉತ್ತರವನ್ನು ಫೋಟೊದ ಪಕ್ಕದಲ್ಲೇ ಅಚ್ಚು ಹಾಕಿ.

– ನಿವೃತ್ತ ನಾವಿಕ, ಕಾರವಾರ