ಲೈಲ್ ರಿಟ್ಸ್ ಅನ್ನೋ ಯುಕುಲೆಲೆ ಮನುಷ್ಯ

ಸ್ನೇಹಿತರೇ, ನಮಸ್ಕಾರ.

ಈ ಸಲ ಸಂಪಾದಕೀಯದಲ್ಲಿ ಹಬ್ಬದ ಶುಭಾಶಯ, ಮೆಂಬರ್‌ಶಿಪ್ ರಿನ್ಯೂವಲ್ ಎರಡೂ ಇಲ್ಲ, ಅವೆಲ್ಲ ಅಧ್ಯಕ್ಷರ ಪುಟದಲ್ಲಿವೆ, ಅಲ್ಲೇ ನೋಡ್ಕೊಳ್ಳಿ. ನಾನು ಲೈಲ್ ರಿಟ್ಸ್ ಬಗ್ಗೆ ಬರೀತೀನಿ. ಯಾರಪ್ಪ ಇವರು ಅಂತ ಕೇಳೋರೇ ಜಾಸ್ತಿ ಇರ್ತೀರ. ಯುಕುಲೆಲೆ ಅನ್ನೋ ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥ ಹವಾಯಿ ವಾದ್ಯದ ಮೇಲೆ ಜಾಜ್ ನುಡಿಸ್ತಿದ್ದೋರು, 2017ರ ಮಾರ್ಚ್ 3ಕ್ಕೆ ತೀರಿಕೊಂಡ್ರು, 87 ವರ್ಷ ಆಗಿತ್ತು, ಅದೂ ಎಲ್ಲೋ ಅಲ್ಲ, ಇಲ್ಲೇ ಅಮೆರಿಕದ ಆರೆಗನ್‌ನಲ್ಲಿರೋ ನಮ್ಮ ಪೋರ್ಟ್‌ಲ್ಯಾಂಡಲ್ಲಿ. ನಾವೆಲ್ಲ ಬೀವರ್‌ಟನ್, ಹಿಲ್ಸ್‌ಬರೋ ಕಡೆ ಆಫೀಸು, ಮಾರ್ಟ್‌ಗೇಜು, ಮಕ್ಕಳ ಕ್ಲಾಸು ಅಂತ ಒದ್ದಾಡ್ತಿದ್ದ ವರ್ಷಗಳಲ್ಲೇ ಅವರೂ ಇದೇ ಮಳೆ ನೋಡ್ಕೊಂಡು ಇದೇ ಊರಲ್ಲಿದ್ರು, ನಮ್ಮಲ್ಲಿ ಹೆಚ್ಚಿನವರಿಗೆ ಹೆಸರೂ ಗೊತ್ತಿರ್ಲಿಲ್ಲ.

ಯುಕುಲೆಲೆ ಅಂದ್ರೆ ನಮ್ಮ ಮನೆಗಳಲ್ಲಿ ಏನು ಅಂತ ನಿಮಗೆ ಗೊತ್ತೇ ಇದೆ. ಮಗು ಎಲಿಮೆಂಟರಿ ಸ್ಕೂಲಲ್ಲಿ ಇರುವಾಗ ಒಂದು ತಗೊಂಡಿರ್ತೀವಿ, ಮೂರು ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಕಲೀತದೆ, ಬರ್ತ್‌ಡೇಲಿ ಒಂದು ಹಾಡು ಆಗುತ್ತೆ, ಆಮೇಲೆ ಅದು ಕ್ಲೋಸೆಟ್ ಸೇರುತ್ತೆ. ಆಟದ ಸಾಮಾನು ಅನ್ನೋ ಭಾವನೆ ನಮಗೊಬ್ಬರಿಗೇ ಅಲ್ಲ, ಅಮೆರಿಕದವರಿಗೂ ಅಷ್ಟೇ. 1950ರ ಸುಮಾರಿಗೆ ಆರ್ಥರ್ ಗಾಡ್‌ಫ್ರಿ ಅನ್ನೋರು ಟೀವಿಲಿ ಯುಕುಲೆಲೆ ಹಿಡ್ಕೊಂಡು ಬರ್ತಿದ್ರು, ಅದರ ಹುಚ್ಚು ಹತ್ತಿ ಪ್ಲಾಸ್ಟಿಕ್ ಯುಕುಲೆಲೆಗಳು ಲಕ್ಷಗಟ್ಟಲೆ ಮಾರಾಟ ಆದ್ವು. ಕ್ಲೀವ್‌ಲ್ಯಾಂಡಲ್ಲಿ 1930ರಲ್ಲಿ ಹುಟ್ಟಿದ ರಿಟ್ಸ್ ಆಗ ಲಾಸ್ ಏಂಜಲಿಸ್‌ನ ಒಂದು ವಾದ್ಯದ ಅಂಗಡಿಲಿ ಕೆಲಸಕ್ಕಿದ್ರು. ಗಿರಾಕಿ ಬಂದು ಯುಕುಲೆಲೆ ತೋರ್ಸಿ ಅಂದ್ರೆ ಗೋಡೆಯಿಂದ ತೆಗೆದು ಎರಡು ಸಲ ಮೀಟಿ ತೋರ್ಸಬೇಕಲ್ಲ, ಹಾಗೆ ಕೈಗೆ ಬಂದ ವಾದ್ಯ ಅದು. ಮೀಟ್ತಾ ಮೀಟ್ತಾ ಒಂದು ಟೆನರ್ ಯುಕುಲೆಲೆ ತಾವೇ ಕೊಂಡ್ಕೊಂಡ್ರು, ತಲೇಲಿ ಇದ್ದಿದ್ದು ಜಾಜ್ ಆದ್ದರಿಂದ ಅದರ ಮೇಲೆ ಜಾಜೇ ನುಡಿಸೋಕೆ ಶುರು ಮಾಡಿದ್ರು. ಅದನ್ನ ಕೇಳಿಸ್ಕೊಂಡವರು ಬಾರ್ನಿ ಕೆಸೆಲ್, ಆ ಕಾಲದ ದೊಡ್ಡ ಜಾಜ್ ಗಿಟಾರಿಸ್ಟು, ಜೊತೆಗೆ ವರ್ವ್ ರೆಕಾರ್ಡ್ಸ್‌ಗೆ ಕಲಾವಿದರನ್ನ ಹುಡುಕೋ ಕೆಲಸಾನೂ ಅವರದ್ದೇ. ವರ್ವ್ ಅಂದ್ರೆ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್, ಪಿಯಾನೋದ ಆಸ್ಕರ್ ಪೀಟರ್ಸನ್ ಇವರೆಲ್ಲ ಇದ್ದ ರೆಕಾರ್ಡ್ ಕಂಪನಿ. ಅಂಥ ಕಂಪನಿಯಿಂದ 1957ರಲ್ಲಿ ರಿಟ್ಸ್ ಅವರ "ಹೌ ಅಬೌಟ್ ಯೂಕ್?" ಆಲ್ಬಮ್ ಬಂತು.

ಈ ರೆಕಾರ್ಡಲ್ಲಿ ನಾಲ್ಕೇ ಜನ. ರೆಡ್ ಮಿಚೆಲ್ ಬೇಸ್ (ಮಂದ್ರ ಸ್ವರ ಕೊಡೋ ತಂತಿವಾದ್ಯ), ಜೀನ್ ಎಸ್ಟೆಸ್ ಡ್ರಮ್ಸ್, ಡಾನ್ ಶೆಲ್ಟನ್ ಕೊಳಲು, ಮಧ್ಯದಲ್ಲಿ ಈ ಪುಟ್ಟ ಯುಕುಲೆಲೆ. ಮೊದಲ ಸಲ ಕೇಳಿದಾಗ ನಾನು ಕಾಯ್ತಾ ಇದ್ದಿದ್ದು ಏನಾದ್ರೂ ಸರ್ಕಸ್ ಬರುತ್ತೆ ಅಂತ, ಅಂದ್ರೆ ಫಾಸ್ಟ್ ಆಗಿ ಬೆರಳು ಓಡಿಸೋದು, ನೋಡಿ ಇಷ್ಟು ಚಿಕ್ಕ ವಾದ್ಯದಲ್ಲಿ ಎಷ್ಟೆಲ್ಲ ಮಾಡ್ತೀನಿ ಅನ್ನೋ ಥರದ್ದು. ಅದು ಬರೋದೇ ಇಲ್ಲ. ಕೊಳಲು ಮುಂದೆ ಹೋದಾಗ ಹಿಂದೆ ಸರಿದು ಕಾರ್ಡ್ ಹಾಕ್ತಾರೆ, ತಮ್ಮ ಸರದಿ ಬಂದಾಗ ರಾಗಾನೂ ಕಾರ್ಡೂ ಒಂದೇ ಏಟಿಗೆ ಸೇರಿಸಿ ನುಡಿಸ್ತಾರೆ, ಅಷ್ಟೇ, ಆದ್ರೆ ಆ ಕಾರ್ಡ್‌ಗಳನ್ನ ಸ್ವಲ್ಪ ಗಮನ ಕೊಟ್ಟು ಕೇಳ್ಬೇಕು.

ಇಲ್ಲಿ ಒಂಚೂರು ಟೆಕ್ನಿಕಲ್ ಆಗ್ತೀನಿ, ಬೇಜಾರಾದ್ರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮಾಮೂಲಿ ಹಾಡಿನ ಕಾರ್ಡಲ್ಲಿ ಮೂರು ಸ್ವರ ಇರುತ್ತೆ, ನಾಲ್ಕು ತಂತಿ ಅದಕ್ಕೆ ಧಾರಾಳ ಸಾಕು. ಜಾಜ್‌ನಲ್ಲಿ ಹಾಗಲ್ಲ, ಆಧಾರ ಸ್ವರದಿಂದ ಎಣಿಸ್ಕೊಂಡು ಏಳನೇದು, ಒಂಬತ್ತನೇದು, ಹದಿಮೂರನೇದು ಅಂತ ಒಂದರ ಮೇಲೊಂದು ಸ್ವರ ಪೇರಿಸ್ತಾರೆ, ಪುಸ್ತಕದ ಪ್ರಕಾರ ತರ್ಟೀನ್ತ್ ಕಾರ್ಡ್ ಅಂದ್ರೆ ಏಳು ಸ್ವರ. ಪಿಯಾನೋದವರಿಗೆ ಹತ್ತು ಬೆರಳಿದೆ, ಗಿಟಾರಿನವರಿಗೆ ಆರು ತಂತಿ ಇದೆ, ಯುಕುಲೆಲೆಯವರು ಏನು ಮಾಡ್ಬೇಕು? ಸಾಲದ್ದಕ್ಕೆ ಮಾಮೂಲಿ ಶ್ರುತಿಯ ಯುಕುಲೆಲೆಯಲ್ಲಿ ಪಿಯಾನೋದ ನಡುಮಧ್ಯದ 'ಸಿ' ಸ್ವರಕ್ಕಿಂತ ಕೆಳಗೆ ಒಂದೂ ಸ್ವರ ಇಲ್ಲ, ಅಂದ್ರೆ ಮಂದ್ರ ಅನ್ನೋದೇ ಇಲ್ಲ. ಹಾಗಾಗಿ ಯಾವ ಸ್ವರ ಬಿಡ್ಬೇಕು ಅನ್ನೋದೇ ಇಲ್ಲಿ ಪೂರ್ತಿ ವಿದ್ಯೆ. ಆಧಾರ ಸ್ವರ ಬಿಡಬಹುದು, ಅದನ್ನ ಬೇಸ್‌ನವರು ಕೊಡ್ತಾರೆ. ಐದನೇದೂ ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಮೂರನೇದು, ಏಳನೇದು ಮಾತ್ರ ಬಿಡೋ ಹಾಗಿಲ್ಲ, ಕಾರ್ಡಿನ ಗುಣ ಇರೋದೇ ಅವೆರಡರಲ್ಲಿ. ಉಳಿದ ಎರಡು ತಂತಿಲಿ ನಿಮಗೆ ಬೇಕಾದ ಬಣ್ಣ ಹಾಕ್ಕೊಳ್ಳಿ. ನಾವು ರಿಟ್ಸ್‌ನ ಕೇಳ್ತಾ ಇದ್ರೆ ಏನೋ ಕಮ್ಮಿ ಇದೆ ಅಂತ ಒಮ್ಮೆಯೂ ಅನ್ನಿಸಲ್ಲ, ಬಿಟ್ಟ ಸ್ವರಗಳನ್ನ ನಮ್ಮ ಕಿವಿನೇ ತುಂಬ್ಕೊಳ್ಳುತ್ತೆ. ಇನ್ನೊಂದು ಕಷ್ಟ, ಈ ವಾದ್ಯದಲ್ಲಿ ನಾದ ನಿಲ್ಲೋದಿಲ್ಲ, ಸಾಸಿವೆ ಸಿಡಿದ ಹಾಗೆ ಟಿಣ್ ಅಂದು ಮುಗೀತು. ಫಾಸ್ಟ್ ಹಾಡಿಗೆ ಪರ್ವಾಗಿಲ್ಲ, ನಿಧಾನದ ಹಾಡಿಗೆ ಏನು ಗತಿ? ಅಲ್ಲಿ ಅವರು ಒಂದು ಉದ್ದ ಸ್ವರದ ಕೆಳಗೇ ಕಾರ್ಡನ್ನ ಎರಡು ಮೂರು ಸಲ ಬದಲಾಯಿಸ್ತಾರೆ, ಸ್ವರ ನಿಂತಿಲ್ಲ ಅನ್ನೋದು ಗೊತ್ತೇ ಆಗದ ಹಾಗೆ. ನಂಗೆ ಅವರ ಫಾಸ್ಟ್ ಹಾಡುಗಳಿಗಿಂತ ಈ ನಿಧಾನದ್ದೇ ಇಷ್ಟ.

ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಹಿಡಿದು ಕರ್ನಾಟಕ ಸಂಗೀತ ನುಡಿಸ್ತೀನಿ ಅಂತ ಹೊರಟಾಗ ಈ ಬ್ಯಾಂಡ್‌ಸೆಟ್ ವಾದ್ಯದಲ್ಲಿ ಗಮಕ ಎಲ್ಲಿಂದ ಬರುತ್ತೆ ಅಂದವರಿಗೆ ಲೆಕ್ಕ ಇರಲಿಕ್ಕಿಲ್ಲ. ಕದ್ರಿಯವರಾದ್ರೂ ಗೆದ್ದು, ಸಭೆಗಳೇ ಅವರನ್ನ ಹುಡುಕ್ಕೊಂಡು ಬರೋ ಹಾಗಾಯ್ತು. ರಿಟ್ಸ್‌ಗೆ ಹಾಗಾಗ್ಲಿಲ್ಲ.

1959ರಲ್ಲಿ ಹವಾಯಿ ಐವತ್ತನೇ ರಾಜ್ಯ ಆಯ್ತಲ್ಲ, ಅದೇ ವರ್ಷ "ಫಿಫ್ಟಿಯತ್ ಸ್ಟೇಟ್ ಜಾಜ್" ಅಂತ ಎರಡನೇ ಆಲ್ಬಮ್ ಬಂತು, ಇದೂ ವರ್ವ್‌ನದೇ. ಎರಡೂ ಇಲ್ಲಿ ಮೇನ್‌ಲ್ಯಾಂಡಲ್ಲಿ, ಅಂದ್ರೆ ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ, ಓಡ್ಲಿಲ್ಲ. ರಿಟ್ಸ್ ಗೊಣಗಿಕೊಂಡು ಕೂರ್ಲಿಲ್ಲ, ಯುಕುಲೆಲೆ ಪಕ್ಕಕ್ಕಿಟ್ಟು ಬೇಸ್ ಹಿಡಿದ್ರು. ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡಿಂಗ್‌ಗೆ ಅಂತಲೇ ಇದ್ದ ವಾದ್ಯಗಾರರ ಗುಂಪೊಂದಿತ್ತು, ಆಮೇಲೆ ಅದಕ್ಕೆ ರೆಕಿಂಗ್ ಕ್ರೂ ಅಂತ ಹೆಸರು ಬಂತು. ಬೇರೆ ಬೇರೆ ಗಾಯಕರ, ಬ್ಯಾಂಡುಗಳ ರೆಕಾರ್ಡಿಗೆ ಇವರು ಹೋಗಿ ನುಡಿಸೋರು, ಕವರ್ ಮೇಲೆ ಇವರ ಹೆಸರು ಇರ್ತಿರ್ಲಿಲ್ಲ. ಆ ಗುಂಪಲ್ಲಿ ರಿಟ್ಸ್ ಸಾವಿರಾರು ರೆಕಾರ್ಡಿಂಗ್‌ಗೆ ಬೇಸ್ ನುಡಿಸಿದ್ರು. ಬೀಚ್ ಬಾಯ್ಸ್ ಬ್ಯಾಂಡಿನ 1966ರ "ಪೆಟ್ ಸೌಂಡ್ಸ್" ಆಲ್ಬಮ್ ನಿಮ್ಮಲ್ಲಿ ಕೆಲವರ ಹತ್ರ ಇರುತ್ತೆ, ಅದರ ಮೊದಲನೇ ಹಾಡಲ್ಲಿ ಕ್ಯಾರೊಲ್ ಕೇ ಅವರ ಎಲೆಕ್ಟ್ರಿಕ್ ಬೇಸ್ ಜೊತೆಗೇ ನಿಲ್ಲಿಸಿ ನುಡಿಸೋ ದೊಡ್ಡ ಬೇಸ್ ಒಂದು ಓಡುತ್ತೆ, ಅದು ರಿಟ್ಸ್. ಅಂದ್ರೆ ನೀವು ಅವರನ್ನ ಕೇಳಿದ್ದೀರ, ಗೊತ್ತಿರ್ಲಿಲ್ಲ ಅಷ್ಟೇ. ಮಂದ್ರವೇ ಇಲ್ಲದ ವಾದ್ಯದಿಂದ ಬರೀ ಮಂದ್ರವೇ ಇರೋ ವಾದ್ಯಕ್ಕೆ ಹೋದ ಮನುಷ್ಯ! ಎರಡೂ ಕಡೆ ಅವರ ಕಿವಿ ಒಂದೇ ಅಂತ ನಂಗನ್ಸುತ್ತೆ, ಪಕ್ಕದವರು ಏನು ನುಡಿಸ್ತಿದ್ದಾರೆ ಅಂತ ಮೊದಲು ಕೇಳಿ, ಅದನ್ನ ಬಿಟ್ಟು ಉಳಿದದ್ದನ್ನ ಮಾತ್ರ ತಾವು ನುಡಿಸೋ ಕಿವಿ.

ಮಧ್ಯದಲ್ಲಿ ಯುಕುಲೆಲೆ ಪೂರ್ತಿ ಬಿಟ್ಟಿರ್ಲಿಲ್ಲ. 1979ರ "ದಿ ಜರ್ಕ್" ಸಿನಿಮಾದಲ್ಲಿ ಸ್ಟೀವ್ ಮಾರ್ಟಿನ್ ಬೀಚಲ್ಲಿ ಯುಕುಲೆಲೆ ಹಿಡಿದು ಹಾಡೋ ಸೀನ್ ಇದೆ, ಕೈ ಅವರದ್ದು, ಸದ್ದು ರಿಟ್ಸ್ ಅವರದ್ದು.

ಅಷ್ಟೊತ್ತಿಗೆ ಹವಾಯಿಲಿ ಬೇರೆಯದೇ ಕತೆ ನಡೀತಿತ್ತು. ಇಲ್ಲಿ ಓಡದ ಆ ಎರಡು ರೆಕಾರ್ಡ್‌ಗಳನ್ನ ಅಲ್ಲಿಯ ಹುಡುಗರು ಮತ್ತೆ ಮತ್ತೆ ಹಾಕ್ಕೊಂಡು ಕೇಳಿ ಕಾರ್ಡ್ ಕಲೀತಿದ್ರು. 1971ರಿಂದ ಹೊನೊಲುಲುನಲ್ಲಿ ಯುಕುಲೆಲೆ ಫೆಸ್ಟಿವಲ್ ನಡೆಸ್ತಿದ್ದ ರಾಯ್ ಸಕುಮಾ ಅವರು ಎಂಬತ್ತರ ದಶಕದಲ್ಲಿ ರಿಟ್ಸ್‌ನ ಹುಡುಕಿ ಕರೆಸಿದ್ರು. ಇಲ್ಲಿ ಯಾರಿಗೂ ಬೇಡವಾಗಿದ್ದ ಕೆಲಸಕ್ಕೆ ಅಲ್ಲಿ ಒಂದಿಡೀ ಶಿಷ್ಯಕೋಟಿ! 1988ರಲ್ಲಿ ಹವಾಯಿಗೇ ಹೋಗಿ ನೆಲೆಸಿದ್ರು, ಮತ್ತೆ ರೆಕಾರ್ಡ್ ಮಾಡಿದ್ರು, ಅಲ್ಲಿಯ ಯುಕುಲೆಲೆ ವಾದಕ ಹರ್ಬ್ ಓಟಾ ಅವರ ಜೊತೆ ಕಚೇರಿ ಮಾಡಿದ್ರು. ಪೋರ್ಟ್‌ಲ್ಯಾಂಡಿಗೆ ಬಂದದ್ದು ಆಮೇಲೆ. ಎಪ್ಪತ್ತು ದಾಟಿದ ಮೇಲೆ ಗರಾಜ್‌ಬ್ಯಾಂಡ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಕಲಿತು, ಮನೇಲೇ ಕೂತು ಯುಕುಲೆಲೆ, ಬೇಸ್ ಎರಡನ್ನೂ ತಾವೇ ನುಡಿಸಿ "ನೋ ಫ್ರಿಲ್ಸ್" ಅಂತ ಒಂದು ಆಲ್ಬಮ್ ಮಾಡಿದ್ರು. ಹೆಸರಿಗೆ ತಕ್ಕ ಹಾಗೆ ಕೊಳಲೂ ಇಲ್ಲ, ಡ್ರಮ್ಸೂ ಇಲ್ಲ. ಯುಕುಲೆಲೆಲಿ ಬಿಟ್ಟ ಸ್ವರಾನ ಬೇಸ್‌ನಲ್ಲಿ ತಾವೇ ಕೊಡ್ತಾರೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಚೆನ್ನಾಗಿ ಗೊತ್ತಾಗುತ್ತೆ.

ಕೇಳೋಕೆ ಶುರು ಮಾಡೋದಾದ್ರೆ 1957ರದ್ದೇ ಮೊದಲು, "ಮೂನ್‌ಲೈಟ್ ಇನ್ ವರ್ಮಾಂಟ್" ಹಾಕ್ಕೊಳ್ಳಿ, ರಾತ್ರಿ ಪಾತ್ರೆ ತೊಳೆಯೋವಾಗ ಆದ್ರೂ ಸರಿ. "ಫಿಫ್ಟಿಯತ್ ಸ್ಟೇಟ್" ನಂಗೆ ಅಷ್ಟು ಹಿಡಿಸಲ್ಲ, ನಿಮಗೆ ಹಿಡಿಸಿದ್ರೆ ನಂಗೆ ಬೈದು ಬರೀರಿ, ಓದುಗರ ಪುಟದಲ್ಲಿ ಹಾಕ್ತೀನಿ.

ಹಾಂ, ಕಲ್ಚರಲ್ ಕಮಿಟಿಯವರು ಹೇಳೋಕೆ ಹೇಳಿದ್ದು: ರಾಜ್ಯೋತ್ಸವ ಪ್ರೋಗ್ರಾಮಿಗೆ ವಾದ್ಯ ನುಡಿಸೋರು ಇನ್ನೂ ಬೇಕಂತೆ, ಮೂರು ಕಾರ್ಡ್ ಬಂದ್ರೂ ಹೆಸರು ಕೊಡಿ, ಮೈಕ್ ಮಾತ್ರ ಎರಡೇ ಇದೆ.

— ಸಂಪಾದಕ