ಫೋನ್ ಎತ್ತದ ಗೆಳೆಯನಿಗೊಂದು ಪತ್ರ

ಲೋ ಸೆಕ್ರೆಟರಿ,

ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಮಾನ ಹೋದರೆ ಇಬ್ಬರದೂ ಹೋಗಲಿ. ನೀಲಿ ಬಕೆಟ್ಟಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಹೋದ ವಾರ ಚೆಕ್ ಬೌನ್ಸ್ ಕೇಸಿಗೆ ಕೋರ್ಟಿಗೆ ಹೋಗಿದ್ದೆ. ಹೌದು, ಅದೇ ಕೇಸು, ನಗಬೇಡ. ನನ್ನ ಪಕ್ಕದ ಬೆಂಚಿಗೆ ಒಬ್ಬ ಹುಡುಗನನ್ನು ತಂದು ಕೂರಿಸಿದರು. ಪೊಲೀಸಿನವನು ಅವನ ಬೆರಳಿಗೆ ಬೆರಳು ಹೆಣೆದು ಹಿಡಿದಿದ್ದ, ಜಾತ್ರೆಯಲ್ಲಿ ಮಗುವನ್ನು ಹಿಡಿದುಕೊಂಡ ಹಾಗೆ. ಹುಡುಗ ಒಂದರ ಹಿಂದೆ ಒಂದು ಆಕಳಿಸುತ್ತಿದ್ದ. ಮೂಗು ಸೋರುತ್ತಿತ್ತು, ಅಂಗಿ ತೋಳಿನಲ್ಲೇ ಒರೆಸಿಕೊಳ್ಳುತ್ತಿದ್ದ. ಅಂಥ ಸೆಕೆಯಲ್ಲೂ ಮುಂಗೈ ಕೂದಲು ನಿಮಿರಿ ನಿಂತಿತ್ತು. "ರಾತ್ರಿ ನಿದ್ದೆ ಇಲ್ಲ ಅನ್ಸುತ್ತೆ, ಪಾಪ" ಅಂದೆ. ನಮ್ಮ ಲಾಯರಮ್ಮ ತಿರುಗಿ ನೋಡಿ, "ನಿದ್ದೆ ಅಲ್ಲ ಸರ್, ಬ್ರೌನ್ ಶುಗರ್ ಸಿಗದೆ ಬರೋ ಆಕಳಿಕೆ ಅದು" ಅಂದರು.

ಆಮೇಲೆ ಟೀ ಕುಡಿಯುತ್ತಾ ಅವರು ಹೇಳಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಡ್ರಗ್ಸ್ ಕೇಸು ಹಾಕುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು ಸೇವನೆ ಮಾಡಿದ್ದಕ್ಕೋ, ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡಿದ್ದಕ್ಕೋ ಸಿಕ್ಕಿಬಿದ್ದು (ಹೆರಾಯಿನ್, ಅಂದರೆ ಆ ಬ್ರೌನ್ ಶುಗರ್ ಥರದ್ದು, ಆದರೆ 5 ಗ್ರಾಂ, ಗಾಂಜಾ ಆದರೆ 1 ಕೆಜಿ ತನಕ ಸಣ್ಣ ಪ್ರಮಾಣವೇ), ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸಿದರೆ, ಅವನ ಮೇಲೆ ಕೇಸು ನಡೆಸುವಂತಿಲ್ಲ. ಅರ್ಧಕ್ಕೆ ಓಡಿಬಂದರೆ ಆ ರಕ್ಷಣೆ ಹೋಗಬಹುದು. ತಪ್ಪಿತಸ್ಥ ಅಂತ ತೀರ್ಪು ಬಂದಮೇಲೂ 39ನೇ ಸೆಕ್ಷನ್ ಇದೆ, ಅವನು ಒಪ್ಪಿದರೆ ಜಡ್ಜ್ ಬಾಂಡ್ ಬರೆಸಿಕೊಂಡು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. "ಆದ್ರೆ ಕೇಳೋರೇ ಇಲ್ಲ ಸರ್, ಗೊತ್ತಿದ್ರೆ ತಾನೇ ಕೇಳೋದು" ಅಂದರು.

64ಎ ಈಗಿನ ರೂಪದಲ್ಲಿ 2001ರಿಂದ ಇದೆ. ಲೆಕ್ಕ ಹಾಕಿದೆಯಾ? ನಾವು ‘ಗುರುಗಳು’ ಅಂತ ಕರೆಯುತ್ತಿದ್ದ ನಮ್ಮ ಗೆಳೆಯನನ್ನು ಹಿಡಿದುಕೊಂಡು ಹೋದಾಗಲೂ ಇತ್ತು.

ಅವನ ಅಮ್ಮ ನಮಗ್ಯಾರಿಗೂ ಫೋನ್ ಮಾಡಲಿಲ್ಲ, ಸುದ್ದಿ ತಡವಾಗಿ ತಿಳಿಯಿತು ಅಂತ ನಿನಗೆ ಹೇಳಿದ್ದೆ ಅಲ್ವಾ? ಸುಳ್ಳು. ನನಗೆ ಮಾಡಿದ್ದರು. ಎರಡು ಸಲ ಕಟ್ ಮಾಡಿದೆ, ಮೂರನೇ ಸಲ ಎತ್ತಿದೆ. "ಆಸ್ಪತ್ರೆಗೆ ಸೇರಿಸ್ತೀವಿ ಅಂದ್ರೆ ಬಿಡ್ತಾರೇನಪ್ಪಾ, ಯಾರನ್ನಾದ್ರೂ ಕೇಳಿ ನೋಡ್ತೀಯಾ?" ಅಂದರು. ಎಂಟನೇ ಕ್ಲಾಸು ಓದಿದ ಹೆಂಗಸು, ಕೇಳಿದ್ದು ಸರಿಯಾಗಿ 64ಎ ಪ್ರಶ್ನೆಯನ್ನೇ. ನಾನು ಏನಂದೆ ಗೊತ್ತಾ? "ಸ್ವಲ್ಪ ದಿನ ಒಳಗಿರ್ಲಿ ಬಿಡಿ ಅಮ್ಮಾ, ಬುದ್ಧಿ ಬರುತ್ತೆ." ಅವನಿಗೆ ಬುದ್ಧಿ ಬರಲಿ ಅಂತ ಹೇಳಿದ್ದೂ ಅಲ್ಲ. ಎಲ್ಲಿ ಜಾಮೀನಿಗೆ ನಿಲ್ಲು ಅಂತಾರೋ ಅನ್ನೋ ಭಯ, ಅಷ್ಟೇ.

ಯಾರೂ ನಿಲ್ಲಲಿಲ್ಲ. ಎರಡು ತಿಂಗಳು ಒಳಗಿದ್ದ. ಅಲ್ಲಿ ಡ್ರಗ್ಸ್ ಸಿಗದೆ ಅಭ್ಯಾಸ ತಪ್ಪಿದ ಮೈ, ಹೊರಗೆ ಬಂದಮೇಲೆ ಹಳೇ ಅಳತೆಯನ್ನು ತಡೆದುಕೊಳ್ಳುವುದಿಲ್ಲ. ನಿನಗೆ ಅಂಕಿ ಬೇಕೇ ಬೇಕಲ್ಲ, ತಗೋ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೈದಿಗಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಅವರು ಡ್ರಗ್ಸ್ ಜಾಸ್ತಿಯಾಗಿ ಸಾಯುವ ಅಪಾಯ ಅಲ್ಲಿನ ಉಳಿದ ಜನರಿಗಿಂತ 129 ಪಟ್ಟು. ಎರಡು ವಾರ. ನಮ್ಮವನದು ಹನ್ನೊಂದನೇ ದಿನ. ಮುಂದಿನದು ನಿನಗೆ ಗೊತ್ತು, ಇಲ್ಲಿ ಬರೆಯಲ್ಲ.

ಸರಿ, ಜಾಸ್ತಿಯಾಯಿತು. ಚೆಕ್ ಬೌನ್ಸ್ ಕಥೆ ಹೇಳಿ ನಗಿಸೋಣ ಅಂತ ಕೂತವನು ನಾನು. ಕಥೆ ಇಷ್ಟೇ: ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ನಾನು ಆ ಹುಡುಗನಿಗೆ ನೀರಿನ ಬಾಟಲಿ ತರಲು ಕೆಳಗೆ ಹೋಗಿದ್ದೆ. ಪುಣ್ಯಾತ್ಮ ಅಂದುಕೋಬೇಡ, ನನಗೂ ಬಾಯಾರಿತ್ತು, ಅರ್ಧ ನಾನೇ ಕುಡಿದೆ. ಇನ್ನೊಂದು ಸಲ ಹೀಗೆ ಮಾಡಿದರೆ ವಾರಂಟ್ ಗ್ಯಾರಂಟಿ ಅಂತ ಲಾಯರಮ್ಮ ಬೈದಿದ್ದಾರೆ. ಹಿಡಿದುಕೊಂಡು ಹೋದರೆ ಜಾಮೀನಿಗೆ ನಿನಗೇ ಫೋನ್ ಮಾಡೋದು. ಆಗಲಾದರೂ ಎತ್ತು ಮಾರಾಯ.

ಇಂತಿ,
ಬಕೆಟ್ ವಾಪಸ್ ಕೊಡದವನು