ಅದಕ್ಕೇ ಹಳದಿ ಬೇಡ ಅಂದದ್ದು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ಏನಾಯಿತು ಅನ್ನುವುದು ಇಬ್ಬರಿಗೂ ಗೊತ್ತು. ಮತ್ತೆ ಕೆದಕುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ. ಹೇಳಿದ ಮಾತಿಗೆ ಬೇಜಾರಿಲ್ಲ. ಫೋನಿನಲ್ಲಿ ನೀನೂ ನನ್ನ ಮಾತು ಮುಗಿಸಲು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಜರ್ಮನಿಗೆ ಹೊರಡುವ ಮೊದಲು ಹೆಗಲ ಮೇಲೆ ಗಿಳಿ ಹಾಕಿಸಿಕೊಳ್ಳುತ್ತೇನೆ ಅಂದೆ. ಟ್ಯಾಟೂನೇ ಬೇಡ ಅಂತ ನಾನು ಅಂದಿಲ್ಲ. ನಿನ್ನ ಅಜ್ಜಿಯ ಎರಡೂ ಕೈ ಮೇಲೆ ಹಚ್ಚೆ ಇತ್ತು. ಕೊರವಂಜಿ ಬಂದು ಜಗಲಿ ಮೇಲೆ ಕೂರಿಸಿ ಚುಚ್ಚಿದ್ದು. ದೀಪದ ಮಸಿ, ಯಾವುದೋ ಸೊಪ್ಪಿನ ರಸ, ಸೂಜಿ. ಅಜ್ಜಿ ಹೋಗುವವರೆಗೂ ತುಳಸಿಕಟ್ಟೆ ತುಳಸಿಕಟ್ಟೆಯಾಗಿಯೇ ಕಾಣುತ್ತಿತ್ತು. ಅಂಚು ಸ್ವಲ್ಪ ಹರಡಿತ್ತು, ಕಪ್ಪು ಹೋಗಿ ಹಸಿರು ಛಾಯೆ ಬಂದಿತ್ತು. ಆದರೆ ಅದು ಒಂದೇ ಬಣ್ಣ. ನಿನ್ನ ಗಿಳಿಗೆ ಐದು ಬಣ್ಣ. ನನ್ನ ಜಗಳ ಆ ಐದರ ಜೊತೆ. ಆಮೇಲೆ ಹೆಗಲಿನ ಜೊತೆ.

ಬಣ್ಣದ ವಿಷಯ ನಾನು ಮಾತಾಡದೆ ಇನ್ಯಾರು ಮಾತಾಡಬೇಕು? ಮಂಡಿಪೇಟೆಯಲ್ಲಿ ನಾನು ಬರೆದ ಬೋರ್ಡುಗಳನ್ನು ನೀನು ಅಕ್ಷರ ಕಲಿಯುವಾಗ ಓದಿದವಳು. ಪಿ.ಓ. ರೆಡ್, ಅಂದರೆ ಪೋಸ್ಟ್ ಆಫೀಸ್ ಕೆಂಪಿನಲ್ಲಿ ಅಕ್ಷರ, ಕಪ್ಪಿನಲ್ಲಿ ಶೇಡ್. ಪಡುವಣಕ್ಕೆ ಮುಖ ಮಾಡಿದ ಅಂಗಡಿಯಾದರೆ ಕೆಂಪು ಮೊದಲು ಬಿಳಿಚಿಕೊಳ್ಳುತ್ತಿತ್ತು. ಕೊನೆಗೆ ಅಕ್ಷರ ಹೋಗಿ ಶೇಡ್ ಮಾತ್ರ ಉಳಿಯುತ್ತಿತ್ತು. ನನ್ನ ಹೊಟ್ಟೆ ಮೇಲೆ ಹೊಡೆದ ಫ್ಲೆಕ್ಸಿನ ಕಥೆಯೂ ಅದೇ. ಬಿಸಿಲಿಗೆ ಹಳದಿ, ಕೆಂಪು ಎರಡೂ ಹೋಗಿ ಎಷ್ಟು ನಾಯಕರ ಮುಖ ನೀಲಿಯಾಗಿ ನೇತಾಡುತ್ತಿಲ್ಲ ಹೇಳು.

ಟ್ಯಾಟೂ ಇಂಕಿಗೂ ಬಿಸಿಲೇ ಶತ್ರು. ನೇರಳಾತೀತ ಕಿರಣ ಬಣ್ಣದ ಕಣಗಳನ್ನು ಒಡೆಯುತ್ತದೆ. ಹಳದಿ, ಬಿಳಿ, ತಿಳಿಗುಲಾಬಿ ಬೇಗ ಮಂಕಾಗುತ್ತವೆ. ಕಪ್ಪು ಎಲ್ಲಕ್ಕಿಂತ ಜಾಸ್ತಿ ದಿನ ನಿಲ್ಲುತ್ತದೆ, ಯಾಕೆಂದರೆ ಅದು ಇಂಗಾಲ. ಅಜ್ಜಿಯ ದೀಪದ ಮಸಿಯೂ ಅದೇ. ಇನ್ನೊಂದು ವಿಷಯ. ಇಂಕು ಚರ್ಮದ ಮೇಲೆ ಕೂರುವುದಿಲ್ಲ, ಎರಡನೇ ಪದರದಲ್ಲಿ ಕೂರುತ್ತದೆ. ಅಂದರೆ ನಮ್ಮ ಗೋಧಿ ಬಣ್ಣದ ಮೂಲಕವೇ ಅದು ಹೊರಗೆ ಕಾಣಬೇಕು. ನೀನು ತೋರಿಸಿದ ಫೋಟೋದಲ್ಲಿದ್ದವಳು ಬೆಳ್ಳಗಿನ ಹುಡುಗಿ. ಅವಳ ಮೈಮೇಲೆ ಬೆಳಗುವ ನಿಂಬೆ ಹಳದಿ ನಿನ್ನ ಮೈಮೇಲೆ ಮಾಸಿದ ಹಾಗೆ ಕಾಣುತ್ತದೆ. ಗಾಢ ಕೆಂಪು, ಗಾಢ ನೀಲಿ, ಗಾಢ ಹಸಿರು ನಮಗೆ ಒಪ್ಪುತ್ತವೆ. ತಮಾಷೆ ಏನು ಗೊತ್ತಾ? ಬೇಗ ಮಂಕಾಗುವ ಅದೇ ಹಳದಿಯನ್ನು ಬೇಡ ಅಂತ ತೆಗೆಸಲು ಹೋದರೆ ಲೇಸರಿಗೆ ಜಗ್ಗುವುದಿಲ್ಲ. ಸುಲಭವಾಗಿ ಹೋಗುವುದು ಕಪ್ಪು.

ಈಗ ಆ ಕಿವಿಯ ವಿಷಯ. ಮುಖ ಸಿಂಡರಿಸಬೇಡ.

ಪಿಯುಸಿಯಲ್ಲಿ ಗೆಳತಿಯ ಜೊತೆ ಹೋಗಿ ಎಡಗಿವಿಯ ಮೇಲ್ತುದಿಗೆ ಗನ್ ಹೊಡೆಸಿಕೊಂಡು ಬಂದಿದ್ದೆ. ಮೊದಲು ಏನೂ ಆಗಲಿಲ್ಲ. ಗಾಯ ಒಣಗಿ, ನಾನು ಬೈದದ್ದೂ ಮರೆತುಹೋಗಿ, ತಿಂಗಳುಗಳಾದ ಮೇಲೆ ಅಲ್ಲಿ ಗಂಟು ಎದ್ದಿತು. ಚುಚ್ಚಿದ ಜಾಗ ಬಿಟ್ಟು ಆಚೆಗೂ ಬೆಳೆಯಿತು. ಕೆಲಾಯ್ಡ್ ಅಂದರು ಡಾಕ್ಟರ್. ಕೆಲವರ ಚರ್ಮಕ್ಕೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ ಅಂದರು. ರಾತ್ರಿ ತುರಿಕೆಗೆ ನೀನು ಎದ್ದು ಕೂರುತ್ತಿದ್ದೆ. ಆ ಗಂಟಿನ ಒಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವಾಗ ನೀನು ಅಳಲಿಲ್ಲ, ನನ್ನ ಹೆಬ್ಬೆರಳು ಹಿಂಡಿದೆ. ಹೊರಗೆ ಬಂದು ಐಸ್‌ಕ್ರೀಮ್ ಬೇಕು ಅಂದೆ. ಕೊಡಿಸಿದೆ. ನೀನು ತಿನ್ನುವಾಗ ನಾನು ಕಿವಿಯನ್ನೇ ನೋಡುತ್ತಾ ನಿಂತಿದ್ದೆ.

ಈಗಲೂ ನೀನು ಫೋಟೋ ಕಳಿಸಿದರೆ ನಿಮ್ಮಮ್ಮ ಮುಖ ಸಣ್ಣಗಾಯ್ತಾ ಅಂತ ನೋಡುತ್ತಾಳೆ. ನಾನು ಎಡಗಿವಿ ನೋಡುತ್ತೇನೆ. ಕೂದಲು ಮುಚ್ಚಿದ್ದರೆ ಇನ್ನೊಂದು ಫೋಟೋ ಕಳಿಸು ಅನ್ನುತ್ತೇನಲ್ಲ, ಅದು ಇದಕ್ಕೇ.

ಅದು ಒಂದೇ ಒಂದು ತೂತು, ಪುಟ್ಟಿ. ಟ್ಯಾಟೂ ಅಂದರೆ ಸಾವಿರಾರು. ಅದೂ ಹೆಗಲ ಮೇಲೆ. ಕಿವಿ, ಎದೆ, ಹೆಗಲು, ಬೆನ್ನಿನ ಮೇಲ್ಭಾಗ, ಈ ಗಂಟು ಹೆಚ್ಚಾಗಿ ಏಳುವ ಜಾಗಗಳೇ ಇವು. ಒಂದು ಸಲ ಎದ್ದವರಿಗೆ ಇನ್ನೊಂದು ಕಡೆಯೂ ಏಳಬಹುದು. ಹೆಗಲೇ ಬೇಕು ಅಂತ ಯಾಕೆ ಹಟ? ಮುಂಗೈ ಒಳಭಾಗ ಇದೆ. ಅಲ್ಲಿ ಭಯ ಪೂರ್ತಿ ಇಲ್ಲ ಅಂತಲ್ಲ, ಕಡಿಮೆ. ಬಿಸಿಲೂ ಕಡಿಮೆ ಬೀಳುತ್ತದೆ, ಬಣ್ಣಕ್ಕೂ ಒಳ್ಳೆಯದು. ಆದರೆ ಮೊದಲು ಚರ್ಮದ ಡಾಕ್ಟರಿಗೆ ಕಿವಿ ತೋರಿಸಿ, ಹೀಗೆ ಹೀಗೆ ಅಂತ ಕೇಳು. ಅವರು ಬೇಡ ಅಂದರೆ ಬೇಡ. ಅವರು ಹೂಂ ಅಂದರೆ ನಾನು ಬಾಯಿ ತೆರೆಯುವುದಿಲ್ಲ.

ತೆರೆಯುತ್ತೇನೆ, ಬಿಡು. ಇನ್ನೂ ನಾಲ್ಕು ಮಾತು ಇದೆ.

ಬಾಟಲಿ ನೋಡದೆ ಕೈ ಕೊಡಬೇಡ. ನೀನು ಹೋಗುತ್ತಿರುವ ಜರ್ಮನಿಯೂ ಸೇರಿದಂತೆ ಯುರೋಪಿಯನ್ ಯೂನಿಯನ್ 2022ರ ಜನವರಿಯಲ್ಲಿ ಟ್ಯಾಟೂ ಇಂಕಿನ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿತು. 2023ರ ಜನವರಿಯಿಂದ ಬ್ಲೂ 15:3, ಗ್ರೀನ್ 7 ಅನ್ನುವ ಎರಡು ಬಣ್ಣಗಳೂ ಆ ಪಟ್ಟಿಗೆ ಸೇರಿದವು. ಗಿಳಿಗೆ ಬೇಕಾದ ಹಸಿರು ಯಾವುದರಿಂದ ಬರುತ್ತದೆ ಅಂತ ಕೇಳು. ಅಲರ್ಜಿ ಹೆಚ್ಚಾಗಿ ಬರುವುದು ಕೆಂಪಿನಿಂದ, ಕೊಕ್ಕಿಗೆ ಎಷ್ಟು ಬೇಕೋ ಅಷ್ಟೇ ಇರಲಿ. ಸೂಜಿಯ ಪ್ಯಾಕೆಟ್ ನಿನ್ನ ಎದುರೇ ಒಡೆಯಲಿ. ಇಂಕು ತೆಳು ಮಾಡಲು ನಲ್ಲಿ ನೀರು ಬೆರೆಸಿದರೆ ಎದ್ದು ಬಾ. ಮಗಳೇ, ನಾನು ಟರ್ಪೆಂಟೈನ್ ಬೆರೆಸುವಾಗಲೂ ಡಬ್ಬಿ ಒರೆಸುತ್ತಿದ್ದೆ.

ಗಾಯ ಮಾಯುವ ಎರಡು ಮೂರು ವಾರ ಈಜು ಬೇಡ, ಬಿಸಿಲು ಬೇಡ. ಹೊಪ್ಪಳೆ ಕೀಳಬೇಡ, ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ. ನಿಮ್ಮಮ್ಮ ಅರಿಶಿನ ಹಚ್ಚು ಅಂತ ಹೇಳಿಯೇ ಹೇಳುತ್ತಾಳೆ, ಹೂಂ ಅನ್ನು, ಹಚ್ಚಬೇಡ. ಚರ್ಮ ಪೂರ್ತಿ ಕೂಡಿದ ಮೇಲೆ ಹೊರಗೆ ಹೋಗುವಾಗೆಲ್ಲ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ನೀನು ಹೋಗುವ ಊರು ಆಖೆನ್‌ನಲ್ಲಿ ನಮ್ಮ ದಾವಣಗೆರೆಯ ಬಿಸಿಲು ಇರುವುದಿಲ್ಲ ಅಂತ ಸುಮ್ನೆ ಇರಬೇಡ, ಬೇಸಿಗೆಯಲ್ಲಿ ಅಲ್ಲೂ ಹಚ್ಚು.

ಎಷ್ಟೇ ಜೋಪಾನ ಮಾಡಿದರೂ ಇಂಕು ಕದಲುತ್ತದೆ. ಅದನ್ನು ನುಂಗಿ ಹಿಡಿದುಕೊಂಡ ಜೀವಕೋಶ ಸಾಯುತ್ತದೆ, ಪಕ್ಕಕ್ಕೆ ಬಂದ ಹೊಸದು ಮತ್ತೆ ನುಂಗುತ್ತದೆ. ಫ್ರಾನ್ಸಿನಲ್ಲಿ ಇಲಿಗಳ ಮೇಲೆ ನೋಡಿ 2018ರಲ್ಲಿ ಪ್ರಕಟಿಸಿದ್ದಾರೆ. ಗೆರೆ ಹರಡುವುದಂತೂ ಖಂಡಿತ. ಅದಕ್ಕೇ ಹೇಳುವುದು, ನೀನು ಕಳಿಸಿದ ಡಿಸೈನ್ ಸರಿಯಿಲ್ಲ. ರೆಕ್ಕೆಯ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹತ್ತು ವರ್ಷ ಹೋದರೆ ಎಲ್ಲಾ ಕೂಡಿ ಒಂದೇ ಮುದ್ದೆ. ಕೊಕ್ಕು ಗಿಳಿಯದ್ದಲ್ಲ, ಹದ್ದಿನದ್ದು. ಯಾರು ಬರೆದರೋ ಅವರು ಗಿಳಿ ನೋಡಿಲ್ಲ. ಹೊರಗೆರೆ ದಪ್ಪ ಕಪ್ಪಿನಲ್ಲಿ ಬರಲಿ, ಗರಿಗಳ ನಡುವೆ ಜಾಗ ಬಿಡಲಿ, ಹಸಿರು ಗಾಢ ಇರಲಿ. ಹಾಗಾದರೆ ಹಸಿರು ಮಂಕಾದರೂ ಗಿಳಿ ಗಿಳಿಯಾಗಿಯೇ ಇರುತ್ತದೆ.

ನಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ನಿನ್ನ ಸೀಟಿನ ವಿಷಯ ಹೇಳಿ ಆಗಿದೆ. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ, ನಿಮ್ಮಮ್ಮ ನಗುತ್ತಾಳೆ. ಅಲ್ಲಿ ಹೋದ ಮೇಲೆ ಯಾರ ಹೆಬ್ಬೆರಳು ಹಿಂಡುತ್ತೀಯ ಅಂತ ಯೋಚನೆ ಬರುತ್ತದೆ. ಬರೆಯಬಾರದು ಅಂದುಕೊಂಡಿದ್ದೆ.

ನಿನ್ನ ಅಕೌಂಟಿಗೆ ಎರಡು ಸಾವಿರ ಹಾಕಿದ್ದೇನೆ. ಅದು ಚರ್ಮದ ಡಾಕ್ಟರ್ ಫೀಸಿಗೆ. ಗಿಳಿಗೆ ನಿನ್ನದೇ ದುಡ್ಡು. ಡಾಕ್ಟರ್ ಏನಂದರು ಅಂತ ಅವತ್ತೇ ಸಂಜೆ ಫೋನ್ ಮಾಡು, ಮೆಸೇಜ್ ಬೇಡ.

ನಿನ್ನ
ಅಪ್ಪ